ಏಳನೇ ಮಿಷನ್ ಆದ ಮೇಲೆ

ಭಾನುವಾರ ಬಂತೆಂದರೆ ಶಿವಾಜಿನಗರದಿಂದ ವಾಜಿದ್ ವಿಕ್ರಮನ ಮನೆಗೆ ಬರುತ್ತಿದ್ದ. ಅವನೂ ವಿಕ್ರಮನೂ ಒಂದೇ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದರು. ಟಿ.ವಿ.ಗೆ ಗೇಮಿನ ಡಬ್ಬ ಸಿಕ್ಕಿಸಿಕೊಂಡು ಇಬ್ಬರೂ ನೆಲದ ಮೇಲೆ ಕೂತುಬಿಟ್ಟರೆ, ಊಟಕ್ಕೆ ಏಳಿಸಲು ವಿಕ್ರಮನ ಅಮ್ಮ ವೇದಾ ನಾಲ್ಕು ಸಲ ಕೂಗಬೇಕಾಗುತ್ತಿತ್ತು. ಆಟದ ಹೆಸರು ‘ಐರನ್ ಕೈಟ್’. ಯುದ್ಧವಿಮಾನ ಹಾರಿಸಿ ಶತ್ರುಗಳನ್ನು ಹೊಡೆಯುವ ಆಟ. ಅಷ್ಟರಲ್ಲಾಗಲೇ ಅದರ ಮೂರು ಭಾಗಗಳು ಬಂದಿದ್ದವು. ಹುಡುಗರು ಆಡಿದ್ದಕ್ಕಿಂತ ಅದರ ಕಥೆಯ ಮೇಲೆ ವಾದ ಮಾಡಿದ್ದೇ ಹೆಚ್ಚು.

ಎರಡು ಸಾವಿರದ ಐದರ ಜುಲೈನಲ್ಲಿ ಆ ವಾದ ಎರಡನೇ ಭಾಗದ ಏಳನೇ ಮಿಷನ್‌ಗೆ ಬಂದು ನಿಂತಿತ್ತು. ಅದರಲ್ಲಿ ನದಿಯ ಸೇತುವೆಯೊಂದನ್ನು ಉಡಾಯಿಸಬೇಕು. ಉಡಾಯಿಸಿದ ಮೇಲೆ ನಾಯಕನಿಗೆ ಗೊತ್ತಾಗುತ್ತದೆ, ಸೇತುವೆಯ ಮೇಲಿದ್ದವರು ಸೈನಿಕರಲ್ಲ, ಊರು ಬಿಟ್ಟು ಹೋಗುತ್ತಿದ್ದ ಜನ ಎಂದು.

“ಅವನ ತಪ್ಪೇನಿದೆ ಮಗಾ? ಅವನಿಗೆ ಯಾರೂ ಹೇಳೇ ಇರ್ಲಿಲ್ಲ. ಆಮೇಲೆ ಎಷ್ಟು ಒದ್ದಾಡ್ತಾನೆ ನೋಡು. ಯುದ್ಧ ಕೆಟ್ಟದ್ದು ಅಂತ ತೋರಿಸೋಕೇ ಆ ಕಥೆ ಇಟ್ಟಿರೋದು,” ಎಂದ ವಿಕ್ರಮ್.

ವಾಜಿದ್ ಒಪ್ಪಲಿಲ್ಲ. “ಗೊತ್ತಿಲ್ದೆ ಹಾಕಿದ್ದು ಬಿಡು ಗುರು. ಗೊತ್ತಾದ್ಮೇಲೆ ಎಂಟನೇ ಮಿಷನ್‌ಗೆ ಯಾಕೆ ಹೋದ? ಎರಡು ನಿಮಿಷ ಅಳೋ ಮ್ಯೂಸಿಕ್ಕು, ಆಮೇಲೆ ಪಾಯಿಂಟ್ಸು. ಹೊಸ ವಿಮಾನ ಬೇರೆ ಕೊಡ್ತಾರೆ!”

ಕಿಟಕಿಯ ಹತ್ತಿರ ಪೇಪರು ಓದುತ್ತಿದ್ದ ವಿಕ್ರಮನ ಅಪ್ಪ ಕೃಷ್ಣಸ್ವಾಮಿ ಅದನ್ನು ಕೆಳಗಿಳಿಸಿದರು. ವಿಮಾನ ಕಾರ್ಖಾನೆಯಲ್ಲಿ ಇನ್ನೆರಡು ವರ್ಷದ ಸರ್ವಿಸ್ ಉಳಿದಿದ್ದ ಅವರು, ಅದಕ್ಕೂ ಮುಂಚೆ ಹದಿನೈದು ವರ್ಷ ವಾಯುಸೇನೆಯಲ್ಲಿದ್ದವರು. ವಿಮಾನಕ್ಕೆ ಬಾಂಬು ಕಟ್ಟುವುದು ಅವರ ಕೆಲಸವಾಗಿತ್ತು. ಎಪ್ಪತ್ತೊಂದರ ಯುದ್ಧದ ಬಗ್ಗೆ ಯಾರಾದರೂ ಕೇಳಿದರೆ, “ಚಳಿ ಬಹಳ ಇತ್ತು,” ಎಂದಷ್ಟೇ ಹೇಳಿ ಮಾತು ತೇಲಿಸುತ್ತಿದ್ದರು.

“ಅಪ್ಪ, ನೀನೇ ಹೇಳು,” ಎಂದ ವಿಕ್ರಮ್. “ನಿಜವಾದ ಯುದ್ಧದಲ್ಲಿ ಹೀಗಾದ್ರೆ ಪೈಲಟ್ ಏನು ಮಾಡ್ತಾನೆ?”

ಅವತ್ತು ಯಾಕೆ ಬಾಯಿ ಬಿಟ್ಟರೋ ಕೃಷ್ಣಸ್ವಾಮಿಗೆ ಆಮೇಲೂ ತಿಳಿಯಲಿಲ್ಲ. ವಾಜಿದನ ಪ್ರಶ್ನೆ ಮೂವತ್ತನಾಲ್ಕು ವರ್ಷದಿಂದ ಅವರೊಳಗೇ ಇದ್ದ ಪ್ರಶ್ನೆಯಾಗಿತ್ತು, ಅದಕ್ಕಿರಬೇಕು.

“ಮಾರನೇ ದಿನವೂ ಹೋಗ್ತಾನೆ,” ಎಂದರು. “ನಾನು ನೋಡಿದೀನಿ.”

ಹುಡುಗರು ಟಿ.ವಿ. ಆರಿಸಿದರು. ಕೃಷ್ಣಸ್ವಾಮಿ ಹೇಳಿದರು. ಪೂರ್ವದ ಗಡಿಯ ಆ ನೆಲೆಯಲ್ಲಿ ಕನ್ನಡ ಬರುತ್ತಿದ್ದವರು ಇಬ್ಬರೇ: ಇವರು ಮತ್ತು ಹಲಸೂರಿನ ಫ್ಲೈಟ್ ಲೆಫ್ಟಿನೆಂಟ್ ಕೆಂಪರಾಜ್. ಅಧಿಕಾರಿಗೂ ಬಾಂಬು ಕಟ್ಟುವವನಿಗೂ ಎಲ್ಲಿಯ ಸ್ನೇಹ, ಆದರೆ ಭಾಷೆ ಅವರನ್ನು ಹತ್ತಿರ ತಂದಿತ್ತು. ಡಿಸೆಂಬರಿನ ಒಂದು ಮಧ್ಯಾಹ್ನ, ನದಿ ದಾಟುತ್ತಿರುವ ಶತ್ರು ಸೈನಿಕರ ದೋಣಿಗಳನ್ನು ಹೊಡೆಯಲು ಕೆಂಪರಾಜರಿಗೆ ಆಜ್ಞೆ ಬಂತು. ಹೋದರು, ಹೊಡೆದರು. ವಾಪಸು ಬಂದು ವಿಮಾನದಿಂದ ಇಳಿದವರು ರೆಕ್ಕೆ ಹಿಡಿದು ನಿಂತೇಬಿಟ್ಟರು. ಕೊನೆಯ ಸುತ್ತಿನಲ್ಲಿ ತೀರ ಕೆಳಗೆ ಹಾರಿದ್ದರಂತೆ. “ಸೀರೆ ತೇಲ್ತಿತ್ತು ಕಣಯ್ಯ ನೀರಲ್ಲಿ,” ಎಂದರು ಕನ್ನಡದಲ್ಲಿ. “ಹೆಂಗಸರು, ಮಕ್ಕಳು.” ಆಮೇಲೆ ಮುಖ ಒರೆಸಿಕೊಂಡು ಒಳಗೆ ಹೋಗಿ, ಸೈನಿಕರ ಎರಡು ದೋಣಿ ಮುಳುಗಿಸಿದೆ ಎಂದು ಇಂಗ್ಲಿಷಿನಲ್ಲಿ ವರದಿ ಕೊಟ್ಟರು. ಮಾರನೇ ದಿನ ಬೆಳಿಗ್ಗೆ ಕೃಷ್ಣಸ್ವಾಮಿ ಮತ್ತೆ ಬಾಂಬು ಕಟ್ಟಿದರು. ಕೆಂಪರಾಜ್ ಮತ್ತೆ ಹಾರಿದರು.

“ಆ ಅಂಕಲ್ ಈಗೆಲ್ಲಿದಾರೆ?” ಎಂದು ವಾಜಿದ್ ಮೆಲ್ಲಗೆ ಕೇಳಿದ.

“ಇಂದಿರಾನಗರದಲ್ಲಿ. ವಿಂಗ್ ಕಮಾಂಡರ್ ಆಗಿ ರಿಟೈರಾದ್ರು. ಆ ದೋಣಿ ಹೊಡೆದಿದ್ದಕ್ಕೇ ಪದಕಾನೂ ಬಂತು.” ಕೃಷ್ಣಸ್ವಾಮಿ ಮತ್ತೆ ಪೇಪರು ಎತ್ತಿಕೊಂಡರು. “ಇದು ಈ ಮನೆಯಲ್ಲೇ ಇರ್ಲಿ.”

ಇರಲಿಲ್ಲ. ‘ಐರನ್ ಕೈಟ್’ ಆಡುವವರದೇ ಒಂದು ವೆಬ್‌ಸೈಟ್ ಇತ್ತು. ಎಲ್ಲೆಲ್ಲಿಯವರೋ ಸೇರಿ ಅದೇ ಏಳನೇ ಮಿಷನ್ ಬಗ್ಗೆ ಪುಟಗಟ್ಟಲೆ ಜಗಳವಾಡುತ್ತಿದ್ದರು. ಇದೆಲ್ಲ ಬರೀ ಕಟ್ಟುಕಥೆ, ನಿಜವಾದ ಪೈಲಟ್‌ಗಳು ಹೀಗೆ ಒದ್ದಾಡುವುದಿಲ್ಲ ಎಂದು ಅಲ್ಲೊಬ್ಬ ವಿಕ್ರಮನನ್ನು ಹೀಯಾಳಿಸಿದ್ದ. ಸಿ.ಎಂ.ಎಚ್. ರಸ್ತೆಯ ಸೈಬರ್ ಕೆಫೆಯಲ್ಲಿ ಕೂತು ವಿಕ್ರಮ್ ಅಪ್ಪ ಹೇಳಿದ್ದನ್ನೆಲ್ಲ ಬರೆದ. ನಂಬಲಿ ಎಂದು ಹೆಸರುಗಳನ್ನೂ ಹಾಕಿದ. ಎರಡೇ ದಿನದಲ್ಲಿ ಅರವತ್ತು ಉತ್ತರಗಳು ಬಂದವು. ಗೆದ್ದೆ ಎಂದುಕೊಂಡ.

ಮೂರು ವಾರದ ನಂತರ ಒಂದು ಶನಿವಾರ ಬೆಳಿಗ್ಗೆ ಮನೆಯ ಮುಂದೆ ಕಾರು ನಿಂತಿತು. ಇಳಿದವಳು ಕೆಂಪರಾಜರ ಮಗಳು ಸುಕನ್ಯ. ಚಿಕ್ಕವಳಿದ್ದಾಗ ಇದೇ ಕೃಷ್ಣಸ್ವಾಮಿಯ ಸೈಕಲ್ ಮೇಲೆ ಹಲಸೂರು ಕೆರೆ ಸುತ್ತಿದವಳು, ಈಗ ಬ್ಯಾಂಕಿನಲ್ಲಿ ಅಧಿಕಾರಿ. ಅಪ್ಪನಿಗೆ ಅರವತ್ತೈದು ತುಂಬುವುದಕ್ಕೆ ಒಂದು ಚಿಕ್ಕ ಪುಸ್ತಕ ಮಾಡಿಸೋಣವೆಂದು ಇಂಟರ್ನೆಟ್ಟಿನಲ್ಲಿ ಅವರ ಹೆಸರು ಹುಡುಕಿದ್ದಳು. ಸಿಕ್ಕಿದ್ದು ಇದು. ಪ್ರಿಂಟ್ ಮಾಡಿಸಿದ ಎರಡು ಹಾಳೆಗಳನ್ನು ಅವಳು ಟೀಪಾಯಿಯ ಮೇಲಿಟ್ಟಳು.

“ಇದು ನಿಜಾನಾ ಅಂಕಲ್?”

ವೇದಾ ಕಾಫಿ ಲೋಟ ಹಿಡಿದು ನಿಂತಲ್ಲೇ ನಿಂತರು. ಅಡುಗೆಮನೆಯ ಬಾಗಿಲಲ್ಲಿ ವಿಕ್ರಮ್ ನಿಂತಿದ್ದ. ಕೃಷ್ಣಸ್ವಾಮಿ ಹಾಳೆ ಓದಿದರು. ಸುಕನ್ಯಳ ಕಣ್ಣುಗಳು ಕೆಂಪಗಿದ್ದವು. ಇಡೀ ರಾತ್ರಿ ಅತ್ತಿದ್ದಳೆಂದು ಕಾಣುತ್ತಿತ್ತು. ಹೌದು ಎನ್ನುವುದು ಒಂದೇ ಮಾತು. ಆದರೆ ಆ ಮಾತನ್ನು ಮಗಳಿಗೆ ಹೇಳಬೇಕಾದವನು ತಾನಲ್ಲ ಎಂದು ಅವರಿಗನ್ನಿಸಿತು, ಹೆದರಿಕೆಯೂ ಆಯಿತು.

“ಇಲ್ಲಮ್ಮ,” ಎಂದರು. “ನಾನೇನೋ ಯುದ್ಧದ ಮಾತಾಡಿದ್ದೆ. ಈ ಹುಡುಗ ಆ ಆಟ ಆಡೀ ಆಡೀ ತಲೆ ಕೆಡಿಸ್ಕೊಂಡಿದಾನೆ. ಅದ್ರ ಕಥೇನೇ ನಿಮ್ಮ ತಂದೆಗೆ ಅಂಟಿಸ್ಬಿಟ್ಟಿದಾನೆ.”

“ಅಪ್ಪಾ!” ಎಂದ ವಿಕ್ರಮ್.

“ಬಾಯ್ಮುಚ್ಚು.”

ಅವತ್ತೇ ಮಧ್ಯಾಹ್ನ ಸೈಬರ್ ಕೆಫೆಯಲ್ಲಿ ಮಗನ ಬೆನ್ನ ಹಿಂದೆ ನಿಂತು ಕೃಷ್ಣಸ್ವಾಮಿ ಬರೆಸಿದರು: ನಾನು ಬರೆದದ್ದು ಸುಳ್ಳು, ಕ್ಷಮಿಸಿ. ವಿಕ್ರಮ್ ಟೈಪ್ ಮಾಡಿದ, ಒಂದು ಅಕ್ಷರವೂ ತಪ್ಪಲಿಲ್ಲ. ಮುಂದಿನ ಭಾನುವಾರ ಬಂದ ವಾಜಿದ್ ವಿಷಯ ತಿಳಿದು ಊಟ ಮಾಡದೆ ಹೊರಟುಹೋದ. ಆಮೇಲೆ ಬರಲಿಲ್ಲ. ವಿಕ್ರಮ್ ಗೇಮಿನ ಡಬ್ಬವನ್ನು ಅಟ್ಟಕ್ಕೆ ಹಾಕಿದ. ಅಪ್ಪನೊಂದಿಗೆ ಬೇಕಾದಷ್ಟೇ ಮಾತು: ಫೀಸು ಕಟ್ಟಬೇಕು, ಗ್ಯಾಸು ಬಂದಿದೆ, ಫೋನು ನಿನಗೆ.

ಹಾಗೆ ‘ಫೋನು ನಿನಗೆ’ ಎಂದ ಒಂದು ಸಂಜೆ ಆ ಕಡೆಯಿಂದ ಕೇಳಿದ್ದು ಕೆಂಪರಾಜರ ದನಿ. “ನಾಳೆ ಬಾ.”

ಇಂದಿರಾನಗರದ ಆ ಬಂಗಲೆಯ ಅಕ್ಕಪಕ್ಕದ ಮನೆಗಳೆಲ್ಲ ಆಗಲೇ ಹೋಟೆಲು, ಆಫೀಸುಗಳಾಗಿದ್ದವು. ಕೆಂಪರಾಜ್ ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ತುಂಬ ಇಳಿದುಹೋಗಿದ್ದರು. ಕೂರು ಎನ್ನಲಿಲ್ಲ.

“ಯಾಕೆ ಸುಳ್ಳು ಅಂದೆ?”

“ಮಗು ಅಳ್ತಿತ್ತು ಸಾರ್. ನಿಮ್ಮ ಮರ್ಯಾದೆ...”

“ನನ್ನ ಮರ್ಯಾದೆ.” ಕೆಂಪರಾಜ್ ಗೇಟಿನ ಕಡೆ ನೋಡಿದರು. “ಆ ಹಾಳೆ ಅವಳ ಮೇಜಿನ ಮೇಲಿತ್ತು, ಓದ್ದೆ. ಸಿಟ್ಟು ಬರ್ಲಿಲ್ಲ ಕಣಯ್ಯ. ಯಾರೋ ಎದೆ ಮೇಲಿಂದ ಎದ್ದ ಹಾಗಾಯ್ತು. ಊಟಕ್ಕೆ ಕೂತಾಗ ಅವಳಿಗೆ ಹೇಳ್ದೆ, ಇದು ನಿಜಮ್ಮ, ಇನ್ನೂ ಇದೆ, ಕೇಳು ಅಂತ. ಏನಂದ್ಲು ಗೊತ್ತಾ? ಕೃಷ್ಣಸ್ವಾಮಿ ಅಂಕಲ್ಲೇ ಇಲ್ಲ ಅಂದಿದಾರಪ್ಪ, ನೀವು ಓದಿದ್ದನ್ನೇ ನೆನಪು ಅಂದ್ಕೊಂಡಿದೀರಾ ಅಂದ್ಲು. ಮಾರನೇ ದಿನ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ಲು. ಈಗ ದಿನಾ ಎರಡು ಮಾತ್ರೆ. ಮರೆವಿಗೆ.”

ಅವರು ನಕ್ಕರು. ಆ ನಗೆ ನೋಡಲಾಗಲಿಲ್ಲ.

“ಆವತ್ತು ಅಲ್ಲಿ ನಾನು ಹೇಳಿದ್ದು ನಿನ್ನೊಬ್ಬನಿಗೆ. ನೀನೇ ಇಲ್ಲ ಅಂದ್ಮೇಲೆ ಸಾಕ್ಷಿಗೆ ಇನ್ಯಾರನ್ನ ತರ್ಲಿ?”

ಕೃಷ್ಣಸ್ವಾಮಿ ನೇರವಾಗಿ ಒಳಗೆ ಹೋದರು. ಸುಕನ್ಯ ಊಟದ ಮೇಜಿನ ಮುಂದೆ ಕೂತು ಫೈಲು ನೋಡುತ್ತಿದ್ದಳು.

“ಸುಕನ್ಯಾ, ಅವತ್ತು ನಾನು ಸುಳ್ಳು ಹೇಳ್ದೆ. ನನ್ನ ಮಗ ಬರೆದಿದ್ದೆಲ್ಲ ನಿಜ.”

ಅವಳು ತಲೆ ಎತ್ತಿದಳು. ಸಿಟ್ಟಾಗಲಿಲ್ಲ. “ಅಪ್ಪ ಹಾಗೆ ಹೇಳು ಅಂದ್ರಾ ಅಂಕಲ್? ಅವರು ಹೇಳಿದ್ದಕ್ಕೆಲ್ಲ ಹೂಂ ಅಂತಾನೇ ಬಂದೋರು ನೀವು. ಬಾಂಬು ಕಟ್ಟು ಅಂದ್ರೆ ಕಟ್ಟಿದ್ರಿ.” ಫೈಲು ಮುಚ್ಚಿದಳು. “ದಯವಿಟ್ಟು ಇನ್ಮೇಲೆ ಬರ್ಬೇಡಿ. ನೀವು ಬಂದ್ರೆ ಅವರಿಗೆ ಜಾಸ್ತಿಯಾಗುತ್ತೆ.”

ವಾಪಸು ಹೊರಟಾಗ ವರಾಂಡದ ಕುರ್ಚಿ ಖಾಲಿಯಿತ್ತು.

ಡಿಸೆಂಬರಿನಲ್ಲಿ ಕೆಂಪರಾಜ್ ತೀರಿಕೊಂಡರು. ಮಾತ್ರೆ ನುಂಗುವುದನ್ನು ಬಿಟ್ಟಿದ್ದರು, ಊಟವನ್ನೂ ಬಿಟ್ಟಿದ್ದರು ಎಂದು ಯಾರೋ ಹೇಳಿದರು. ಕಲ್ಪಳ್ಳಿಯ ಸ್ಮಶಾನಕ್ಕೆ ಕೃಷ್ಣಸ್ವಾಮಿ ವಿಕ್ರಮನನ್ನೂ ಕರೆದುಕೊಂಡು ಹೋದರು. ಅವನು ಏನೂ ಕೇಳದೆ ಸ್ಕೂಟರಿನ ಹಿಂದೆ ಕೂತ. ಶವದ ಮೇಲೆ ಬಾವುಟ ಹೊದಿಸಿದ್ದರು. ಮೀಸೆ ಇನ್ನೂ ಸರಿಯಾಗಿ ಬಲಿಯದ ಅಧಿಕಾರಿಯೊಬ್ಬ ಸತ್ತವರ ಸಾಹಸವನ್ನು ಓದಿ ಹೇಳಿದ. ಅದರಲ್ಲಿ ನದಿ ಬಂತು. ಶತ್ರು ಸೈನಿಕರಿದ್ದ ಎರಡು ದೋಣಿಗಳು ಬಂದವು.

ವಿಕ್ರಮ್ ಅಪ್ಪನ ಮುಖ ನೋಡಿದ. ಕೃಷ್ಣಸ್ವಾಮಿ ಬಾಯಿ ತೆರೆದರು. ಅಷ್ಟರಲ್ಲಿ ಕಹಳೆ ಊದಿದರು. ಹದಿನೈದು ವರ್ಷದ ಅಭ್ಯಾಸ, ಅವರ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು, ಕೈಗಳು ಪಕ್ಕಕ್ಕಂಟಿದವು. ಕಹಳೆ ನಿಲ್ಲುವ ಹೊತ್ತಿಗೆ ಜನ ಚದುರುತ್ತಿದ್ದರು.

ಆ ವಾರ ಕೃಷ್ಣಸ್ವಾಮಿ ಕಾರ್ಖಾನೆಗೆ ರಜೆ ಹಾಕಿ ಸುಕನ್ಯಳಿಗೆ ಒಂದು ಕಾಗದ ಬರೆದರು. ಹನ್ನೊಂದು ಪುಟ. ತಾನು ಕಟ್ಟಿದ ಬಾಂಬುಗಳು, ಕೆಂಪರಾಜರು ಆಡಿದ ಮಾತು, ಮಾರನೇ ದಿನ ತಾನೂ ಬಾಯಿ ಬಿಡದೆ ಮತ್ತೆ ಕಟ್ಟಿದ್ದು, ಸುಕನ್ಯಳ ಮುಂದೆ ಆಡಿದ ಸುಳ್ಳು, ಎಲ್ಲವನ್ನೂ ಬರೆದು ಸಹಿ ಹಾಕಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು. ಹತ್ತು ದಿನಕ್ಕೆ ಅದು ವಾಪಸು ಬಂತು. ಪಡೆಯಲು ಒಪ್ಪಲಿಲ್ಲ ಎಂದು ಪೋಸ್ಟ್‌ಮ್ಯಾನ್ ಮೇಲೆ ಬರೆದಿದ್ದ.

ಅವರು ಡ್ಯೂಟಿಯಿಂದ ಬರುವಷ್ಟರಲ್ಲಿ ವಿಕ್ರಮ್ ಅದನ್ನು ಒಡೆದು ಓದಿದ್ದ. ಹಾಳೆಗಳು ಅವನ ತೊಡೆಯ ಮೇಲಿದ್ದವು. ಕೃಷ್ಣಸ್ವಾಮಿ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತರು. ತಿಂಗಳುಗಳ ಮೇಲೆ ಮಗ ತಾನಾಗಿ ಒಂದು ಪ್ರಶ್ನೆ ಕೇಳಿದ.

“ಎಷ್ಟು ಜನ ಇದ್ರಪ್ಪ ದೋಣಿಲಿ?”

“ಅವರು ಹೇಳ್ಲಿಲ್ಲ,” ಎಂದರು ಕೃಷ್ಣಸ್ವಾಮಿ. “ನಾನೂ ಕೇಳ್ಲಿಲ್ಲ.”