ಬೋರ್ಡಿಗೆ ನಮಸ್ಕಾರ

ವಾಯರಮನ್ ಪರೀಕ್ಷೆಯಲ್ಲಿ ಈಶ್ವರ ಹೋದ ವರ್ಷ ಫೇಲಾಗಿದ್ದು ಉತ್ತರ ಬಾರದ್ದಕ್ಕಲ್ಲ, ನಮಸ್ಕಾರ ಮಾಡಿದ್ದಕ್ಕೆ. ನಗಬೇಡಿ, ನಡೆದದ್ದೇ ಹಾಗೆ. ಚಿಕ್ಕೋಡಿಯ ಪರೀಕ್ಷಾ ಕೇಂದ್ರದಲ್ಲಿ ಕರೆಂಟಿನ ಬೋರ್ಡಿನ ಮುಂದೆ ನಿಲ್ಲಿಸಿ ‘ಶುರು ಮಾಡು’ ಅಂದದ್ದೇ ತಡ, ಇವನು ಅದರ ಕಬ್ಬಿಣದ ಪೆಟ್ಟಿಗೆ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಪರೀಕ್ಷೆ ನಡೆಸುತ್ತಿದ್ದ ಸಾಹೇಬರು ಪೆನ್ನು ಕೆಳಗಿಟ್ಟರು.

“ಮೇನ್ ಬಂದ್ ಮಾಡದನ ಮುಟ್ಟಿದ್ಯಲ್ಲೋ! ಪೆಟ್ಟಿಗಿಗೆ ಕರೆಂಟ್ ಇಳದಿದ್ರ? ಸತ್ತಿದ್ದಿ ನೀ. ನಡಿ ಹೊರಗ.”

ಆ ನಮಸ್ಕಾರ ಅವನ ಉಸ್ತಾದ ವಿರುಪಾಕ್ಷಪ್ಪನವರದು. ಉಗಾರ ಖುರ್ದದ ಸುತ್ತಲಿನ ಕಬ್ಬಿನ ಹೊಲಗಳಲ್ಲಿ ಯಾವ ಮೋಟರು ಕೆಟ್ಟರೂ ಅವರೇ ಬರಬೇಕು. ಲೈಸೆನ್ಸು ಗಿಯ್ಸೆನ್ಸು ಏನೂ ಇರಲಿಲ್ಲ. ಆದರೆ ನಮಸ್ಕಾರ ಮಾಡದೆ ಒಂದು ಪೆಟ್ಟಿಗೆಯನ್ನೂ ಬಿಚ್ಚಿದವರಲ್ಲ. “ಲೇ ಈಶ್ಯಾ, ನಮಗ ಅನ್ನಾ ಹಾಕೂದು ಇದ. ಮೊದಲ ಮುಟ್ಟಿ ಕಣ್ಣಿಗೊತ್ಕೊ, ಆಮ್ಯಾಲೆ ಪಕ್ಕಡ ಹಿಡಿ” ಅನ್ನುತ್ತಿದ್ದರು. ತಾಯಿತಂದೆ ಇಲ್ಲದ ಈಶ್ವರ ಮೀಸೆ ಮೂಡುವ ಮೊದಲೇ ಅದನ್ನು ಕಲಿತಿದ್ದ.

ಒಂದು ಮಳೆಗಾಲ, ತೊಯ್ದ ಪಂಪಿನ ಮನೆಯಲ್ಲಿ, ಕರೆಂಟು ಅವರನ್ನು ತೆಗೆದುಕೊಂಡು ಹೋಯಿತು. ಈಶ್ವರ ಅಂದು ಸಾಮಾನು ತರಲು ಅಥಣಿಗೆ ಹೋಗಿದ್ದ. ಓಡಿ ಬಂದು ನೋಡಿದರೆ ಮೇನ್ ಇನ್ನೂ ಚಾಲೂ, ತಂತಿ ಕತ್ತರಿಸುವ ಅವರ ಪಕ್ಕಡ ಚೀಲದಿಂದ ಹೊರಗೇ ಬಂದಿರಲಿಲ್ಲ. ‘ಆಯುಷ್ಯ ತೀರಿತ್ತು’ ಎಂದಿತು ಊರು. ಇವನೂ ಹಾಗೇ ಅಂದುಕೊಂಡಿದ್ದ. ಹೋದ ವರ್ಷ ಸಾಹೇಬರ ಮಾತು ಕೇಳಿ ಊರಿನ ಬಸ್ಸು ಹತ್ತಿದಾಗ ಹೊಳೆಯಿತು. ಕೆಲಸ ಶುರುವೇ ಆಗಿರಲಿಲ್ಲ. ಉಸ್ತಾದರು ಮುಟ್ಟಿದ್ದು ನಮಸ್ಕಾರಕ್ಕೆ, ಸತ್ತದ್ದೂ ಅದಕ್ಕೇ.

ಈ ಪರೀಕ್ಷೆ ಪಾಸಾದರೆ ಸಿಗುವ ಪರ್ಮಿಟ್ ಇಲ್ಲದವನನ್ನು ಈಗ ಯಾವ ಕಾಂಟ್ರಾಕ್ಟರನೂ ಕರೆಯುವುದಿಲ್ಲ. ಈ ಸಲವೂ ಫೇಲಾದರೆ ವಾಯರಿನ ಕೆಲಸ ಬಿಟ್ಟು ಕಬ್ಬು ಹೇರಲು ಹೋಗಬೇಕು. ಬಾಡಿಗೆ ಖೋಲಿಯ ಗೋಡೆಗೆ ಒಂದು ಹಳೇ ಪೆಟ್ಟಿಗೆ ಹೊಡೆದು ತಾಲೀಮಿಗೆ ನಿಂತ. ಪುಸ್ತಕವೆಲ್ಲ ಬಾಯಿಪಾಠ, ಕೈ ಮಾತ್ರ ಮಾತು ಕೇಳದು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಪ್ರೀತಿಯಿಂದ ಕಲಿತದ್ದೂ ಹಾಗೇ ಇರಬೇಕು. ಕೈ ಮುಂದೆ ಹೋದಾಗಲೆಲ್ಲ ಹಿಂದಕ್ಕೆ ಎಳೆದ. ಎಳೆದಾಗಲೆಲ್ಲ ಉಸ್ತಾದರನ್ನೇ ಬಾಗಿಲಾಚೆ ದಬ್ಬಿದಂತಾಗುತ್ತಿತ್ತು. ತಪ್ಪಿದರೆ ‘ಲೇ ಮಬ್ಬ’ ಎಂದು ಬೈಯುವವರಿಲ್ಲ, ಊಟ ಆತೇನೋ ಅನ್ನುವವರೂ ಇಲ್ಲ. ಒಂದು ಸಂಜೆ ತಣ್ಣಗಾದ ರೊಟ್ಟಿ ಮುಂದಿಟ್ಟುಕೊಂಡು ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟ.

ಪರೀಕ್ಷೆಗೆ ಈ ವರ್ಷವೂ ಅದೇ ಸಾಹೇಬರು. ಈಶ್ವರ ಕೈಗವಸು ಹಾಕಿದ, ಮೇನ್ ಇಳಿಸಿದ, ಟೆಸ್ಟರ್ ಹಚ್ಚಿ ನೋಡಿದ, ಆಮೇಲೆ ಪೆಟ್ಟಿಗೆ ಬಿಚ್ಚಿದ.

“ಏನಪಾ, ನಮಸ್ಕಾರ ಎಲ್ಲಿ ಹೋತು?” ಎಂದರು ಸಾಹೇಬರು, ನಗುತ್ತ.

“ಬಿಟ್ಟೀನ್ರಿ.”

“ಚಲೋ ಆತು. ಯಾರ ಕಲಿಸಿದ್ರೋ ಮಾರಾಯಾ ನಿನಗದನ್ನ?”

“ನಮ್ಮ ಉಸ್ತಾದರ್ರೀ. ಈಗಿಲ್ರಿ ಅವರು.”

ಸಾಹೇಬರ ನಗು ನಿಂತಿತು. ಪೆನ್ನು ಎತ್ತಿಕೊಂಡು ಅಂಕ ಬರೆದರು.

ಪಾಸಾದ ಸುದ್ದಿ ಬಂದ ದಿನ ಪೇಢೆ ಕಟ್ಟಿಸಿಕೊಂಡು ಉಸ್ತಾದರ ಹೆಂಡತಿ ಕಸ್ತೂರೆವ್ವನ ಮನೆಗೆ ಹೋದ. ಹೇಳಿಕೊಳ್ಳಲು ಅವನಿಗೆ ಬೇರೆ ಯಾರಿದ್ದರು? ದಾರಿಯುದ್ದಕ್ಕೂ ಒಂದೇ ವಿಚಾರ: ಈ ವರ್ಷವೆಲ್ಲ ಎದೆಯಲ್ಲಿ ಕೂತದ್ದನ್ನು ಇವತ್ತಾದರೂ ಅವಳ ಮುಂದೆ ಆಡಿ ಹಗುರಾಗಬೇಕು.

ಮುದುಕಿ ಗಲ್ಲ ಸವರಿ ಲಟಿಕೆ ಮುರಿದಳು. “ಕೊಕಟನೂರ ಎಲ್ಲವ್ವಗ ಬೇಡಕೊಂಡಿದ್ನೆಪಾ ನಾ! ಖರೇ ಹೇಳು, ಕೆಲಸಾ ಹಿಡಿಯೂ ಮೊದಲ ಮುಟ್ಟಿ ನಮಸ್ಕಾರ ಮಾಡಿದ್ಯೊ ಇಲ್ಲೊ?”

ಈಶ್ವರ ಬಾಯಿ ತೆರೆದ.

“ಅವರು ಮಾತ್ರ ಎಂದೂ ತಪ್ಪಸಲಿಲ್ಲ ನೋಡು,” ಅಂದಳು ಕಸ್ತೂರೆವ್ವ. “ಆವತ್ತೂ ನಮಸ್ಕಾರ ಮಾಡೇ ಹೋಗಿರಬೇಕು. ಅಷ್ಟ ಸಮಾಧಾನ ನನಗ. ಅದರ ಮ್ಯಾಲ ಜೀವಾ ಹಿಡಕೊಂಡೀನಿ.”

“ಮಾಡಿದ್ನಿರಿ ಕಾಕೂ,” ಎಂದ ಈಶ್ವರ. “ಮೊದಲ ಅದನ್ನ ಮಾಡಿದ್ನಿ.”

ಅವಳು ಖುಷಿಯಿಂದ ಒಂದು ಪೇಢೆ ಮುರಿದು ಅವನ ಬಾಯಿಗಿಟ್ಟಳು. ಅವನು ಅಗಿದು ನುಂಗಿದ. ಉಸ್ತಾದರು ಹೇಗೆ ಸತ್ತರೆಂಬುದನ್ನು ಇನ್ನು ಯಾರಿಗೂ ಹೇಳುವಂತಿಲ್ಲ ಎಂದು ಆಗ ಅವನಿಗೆ ಗೊತ್ತಾಯಿತು.