ಗುಂಡನ ಉಚ್ಚೆಗೆ ಕಾದ ಭಾನುವಾರ

ನಮ್ಮ ಮಧುರೆ ಹಳ್ಳೀಲಿ ಮಕ್ಕಳಿಗೆ ಹುಷಾರಿಲ್ಲ ಅಂದ್ರೆ ಮೊದಲು ನನ್ನ ಬಾಗಿಲು ತಟ್ಟಬೇಕು. ಹೇಳ್ಕೋಬಾರ್ದು, ಆದ್ರೂ ಹೇಳ್ತೀನಿ. ನಾಲ್ಕು ಹೆತ್ತು ನಾಲ್ಕನ್ನೂ ಉಳಿಸ್ಕೊಂಡೋಳು ಈ ಮುನಿವೆಂಕಟಮ್ಮ. ಅಂಥೋಳಿಗೆ ಹೋದ ಭಾನುವಾರ ಒಂದು ವರ್ಷದ ಮೊಮ್ಮಗ ಏಳು ಕೆರೆ ನೀರು ಕುಡಿಸಿಬಿಟ್ಟ.

ಹೆಸರು ಭಾನುಪ್ರಕಾಶ್, ನಾವು ಕರೆಯೋದು ಗುಂಡ. ಶನಿವಾರದಿಂದ ಭೇದಿ. ಹಲ್ಲು ಬರೋ ಟೈಮು, ಆಗುತ್ತೆ ಅಂದೆ. ದೃಷ್ಟಿ ಇರಬಹುದು ಅಂತ ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದ್ರೆ ಘಾಟು ಬಂತು. ದೃಷ್ಟಿ ಆಗಿದ್ರೆ ಘಾಟು ಬರಲ್ಲ. ಸುಮ್ನೆ ಮನೆಯವರೆಲ್ಲ ಕೆಮ್ಮಿದ್ದಾಯ್ತು.

ಭಾನುವಾರ ಬೆಳಿಗ್ಗೆ ಸೊಸೆ ಅಕ್ಷತ ಅವನಿಗೆ ನೀರು ಕುಡಿಸೋಕೆ ಬಂದ್ಲು. ಲೋಟ ಕಿತ್ಕೊಂಡೆ. ತೋಟದಲ್ಲಿ ಪೈಪು ಒಡೆದ್ರೆ ಬುದ್ಧಿ ಇರೋರು ಮೊದಲು ಮೋಟ್ರು ಆಫ್ ಮಾಡ್ತಾರೆ, ಮೇಲೆ ನಿಂತ್ರೆ ಕೆಳಗೂ ನಿಲ್ಲುತ್ತೆ, ಅಷ್ಟೂ ಗೊತ್ತಿಲ್ವಾ ಅಂತ ಬೈದೆ. ಎದೆಹಾಲೂ ಕಮ್ಮಿ ಮಾಡು ಅಂದೆ. ಅವಳು ಒಳಗೆ ಹೋಗಿ ಆಶಾ ಕಾರ್ಯಕರ್ತೆ ರೂಪಂಗೆ ಫೋನ್ ಮಾಡಿದ್ಲು.

ರೂಪ ಬಂದು ಗುಂಡನ ಹೊಟ್ಟೆ ಚರ್ಮ ಚಿವುಟಿ ಬಿಟ್ಟು ನೋಡಿದ್ಲು. ಚರ್ಮ ಸೋಮಾರಿ ಥರ ನಿಧಾನಕ್ಕೆ ಕೆಳಗಿಳೀತು. ಕಣ್ಣು ಗುಳಿ ಬಿದ್ದಿದೆ, ಅಳ್ತಾನೆ ಆದ್ರೆ ಕಣ್ಣೀರಿಲ್ಲ ಅಂತ ತೋರ್ಸಿದ್ಲು. ಉಚ್ಚೆ ಹುಯ್ದಿದ್ದು ಯಾವಾಗ ಅಂತ ಕೇಳಿದ್ಲು. ಅತ್ತೆ ಸೊಸೆ ಮುಖ ಮುಖ ನೋಡ್ಕೊಂಡ್ವಿ. ರಾತ್ರಿಯಿಂದ ಇಲ್ಲ. ಆದ್ರೂ ನನ್ನ ಬಾಯಿ ಸುಮ್ನಿರುತ್ತಾ, ರೂಪಂಗೂ ಮೋಟ್ರಿನ ಪಾಠ ಹೇಳೋಕೆ ಹೋದೆ.

"ಗಿಡ ಒಣಗಿದ್ರೆ ಇನ್ನೊಂದು ನೆಡಬಹುದು ಅಜ್ಜಿ. ಮಗೂನ ನೆಡೋಕಾಗುತ್ತಾ? ಎಷ್ಟು ಹೊರಗೆ ಹೋಗುತ್ತೋ ಅಷ್ಟೂ ಒಳಗೆ ಹೋಗ್ಬೇಕು."

ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಓಆರ್‌ಎಸ್ ಪೊಟ್ಟಣ ಪೂರ್ತಿ ಸುರಿದು, ಚಮಚ ನನ್ನ ಕೈಗೇ ಕೊಟ್ಲು. ಎರಡು ನಿಮಿಷಕ್ಕೊಂದು ಚಮಚ, ವಾಂತಿ ಆದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ, ಜೊತೆಗೆ ಎದೆಹಾಲು. ಮಗು ಮಂಕಾದ್ರೆ, ಕುಡಿಯೋದು ಬಿಟ್ರೆ ತಕ್ಷಣ, ಇಲ್ಲಾಂದ್ರೂ ಮಧ್ಯಾಹ್ನ ಹನ್ನೆರಡರೊಳಗೆ ಉಚ್ಚೆ ಬರದಿದ್ರೆ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಅಂದ್ಲು. ಮಗ ಮುನಿರಾಜ್ ಕಾರು ತಿರುಗಿಸಿ ನಿಲ್ಲಿಸ್ದ.

ಹತ್ತಾಯ್ತು, ಹನ್ನೊಂದಾಯ್ತು. ಅಕ್ಕಪಕ್ಕದೋರು ಬಾಗಿಲಲ್ಲಿ ಇಣುಕಿ "ಬಂತಾ?" ಅಂತ ಕೇಳೋರು. ಮುನಿರಾಜ್ ಮಗನ ಮುಂದೆ ಕೂತು ಅರ್ಧ ಗಂಟೆ ಸ್ಸ್ ಸ್ಸ್ ಅಂತ ಸದ್ದು ಮಾಡಿ, ಕೊನೆಗೆ ತಾನೇ ಬಚ್ಚಲಿಗೆ ಓಡಿದ. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ನನ್ನ ಒಣ ಜಂಬಕ್ಕೆ ಮಗು ಬಲಿಯಾದ್ರೆ ಯಾರಿಗೆ ಮುಖ ತೋರಿಸ್ಲಿ ಅಂತ ಒಳಗೇ ಬೇಯ್ತಿದ್ದೆ.

ಹನ್ನೆರಡಕ್ಕೆ ಇನ್ನೇನು ಹತ್ತು ನಿಮಿಷ ಇರುವಾಗ ನನ್ನ ತೊಡೆ ಬೆಚ್ಚಗಾಯ್ತು. ಸೀರೆ ನೆನೆದು ಚಾಪೆಗೂ ಇಳೀತು. ಅಲ್ಲಾಡಿದ್ರೆ ಎಲ್ಲಿ ನಿಂತ್ಬಿಡುತ್ತೋ ಅಂತ ಉಸಿರು ಬಿಗಿ ಹಿಡ್ಕೊಂಡು ಕೂತೆ. ಪೂರ್ತಿ ಆದ ಮೇಲೆ ಅಕ್ಷತನ್ನ ಕರೆದೆ.

"ನೀನು ನೀರು ಕುಡಿಸೋಕೆ ಬಂದಾಗ ತಡೀಬಾರ್ದಿತ್ತು ಕಣಮ್ಮ. ತಪ್ಪಾಯ್ತು."

ಅವಳು ಬಂದು ನನ್ನ ಪಕ್ಕ, ಆ ಒದ್ದೆ ಚಾಪೆ ಮೇಲೇ ಕೂತ್ಕೊಂಡ್ಲು.