ಮೂವರು ತೊಳೆದ ಕಿವಿ

ನಮ್ಮ ಸ್ಪ್ಯಾನಿಯಲ್ ನಾಯಿ ಗುಂಡನ ಜೋಲುಗಿವಿಗಳಿಂದ ಎರಡು ವಾರಗಳಿಂದ ಕೆಟ್ಟ ವಾಸನೆ ಬರುತ್ತಿತ್ತು. "ಭಾನುವಾರದೊಳಗೆ ಈ ವಾಸನೆ ಹೋಗದಿದ್ರೆ ಇವನು ನಮ್ಮಕ್ಕನ ಮನೆಗೆ ವಾಪಸ್," ಎಂದು ನಮ್ಮ ಯಜಮಾನರು ಮೂಗು ಮುಚ್ಚಿಕೊಂಡೇ ತೀರ್ಪು ಕೊಟ್ಟರು. ಮಗಳು ಅರ್ಧ ಊಟಕ್ಕೇ ಎದ್ದುಹೋದಳು. ಶನಿವಾರ ಮನೆಮಂದಿಯೆಲ್ಲ ಗುಂಡನನ್ನು ಕರೆದುಕೊಂಡು ಪಶುವೈದ್ಯೆಯ ಬಳಿಗೆ ಹೋದೆವು.

ಆಕೆ ಕಿವಿ ಎತ್ತಿ ಟಾರ್ಚ್ ಬಿಟ್ಟು ನೋಡಿದರು. "ಒಳಗೆಲ್ಲ ಒದ್ದೆ. ಇಂಥ ಕಿವೀಲಿ ಗಾಳಿ ಆಡಲ್ಲ, ತೇವ ಉಳಿದ್ರೆ ಸೋಂಕು ಗ್ಯಾರಂಟಿ. ಮನೇಲಿ ಕಿವಿ ತೊಳೆಯೋರು ಯಾರು?"

"ನಾನು, ಸ್ಕೂಲಿಗೆ ಹೋಗೋ ಮುಂಚೆ," ಎಂದಳು ಮಗಳು.

"ನೀನ್ಯಾವಾಗ ತೊಳೆದ್ಯೇ? ಮಧ್ಯಾಹ್ನ ನಾನಲ್ವಾ ತೊಳೆಯೋದು," ಎಂದರು ಅತ್ತೆ.

ಪಾಪ, ಯಾರೂ ಗಮನಿಸುತ್ತಿಲ್ಲ ಎಂದುಕೊಂಡು ಕೆಲಸದಿಂದ ಬಂದ ಮೇಲೆ ನಾನೂ ದಿನಾ ತೊಳೆಯುತ್ತಿದ್ದೆ. ತಲೆ ತಗ್ಗಿಸಿ ಒಪ್ಪಿಕೊಂಡೆ.

ವೈದ್ಯೆಗೆ ನಗು ತಡೆಯಲಾಗಲಿಲ್ಲ. "ದಿನಕ್ಕೆ ಮೂರು ಸಲ ತೊಳೆದ್ರೆ ಅದು ಒಣಗೋದ್ಯಾವಾಗ? ಹತ್ತು ದಿನ ಈ ಔಷಧಿ ಹಾಕಿ, ಸರಿಹೋಗುತ್ತೆ. ಆಮೇಲೆ ವಾರಕ್ಕೊಂದು ಸಲ ಒರೆಸಿದ್ರೆ ಸಾಕು. ಯಾರಾದ್ರೂ ಒಬ್ಬರೇ ಮಾಡಿ."

ಮೂವರೂ ಯಜಮಾನರ ಕಡೆ ತಿರುಗಿದೆವು.

"ನನ್ನ ತಲೆಗ್ಯಾಕೆ ಕಟ್ತೀರಾ?" ಎಂದರು ಅವರು.

"ನಿನ್ನ ಕೈಗೆ ಕೊಟ್ರೆ ಯಾವ ಕೆಲಸಾನೂ ವಾರಕ್ಕೊಂದು ಸಲಕ್ಕಿಂತ ಹೆಚ್ಚು ಆಗಲ್ಲ ಕಣೋ," ಎಂದರು ಅತ್ತೆ.

"ಹತ್ತು ದಿನ ಅಂದ್ರೆ ಭಾನುವಾರ ದಾಟಿಹೋಗುತ್ತಲ್ಲಪ್ಪಾ," ಎಂದಳು ಮಗಳು ಮೆಲ್ಲಗೆ.

ಯಜಮಾನರು ಔಷಧಿ ಬಾಟಲಿ ತೆಗೆದುಕೊಂಡು ಕನ್ನಡಕ ಏರಿಸಿದರು. "ಒಂದೊಂದು ಕಿವಿಗೆ ಎಷ್ಟು ಹನಿ, ಡಾಕ್ಟ್ರೇ?"